ಮಾತಿಗೆ ಎದುರುಮಾತು ಕೊಡುವ ಲೋಕ: ಬರಿಯ ಅಕ್ಷರಗಳ ಗೇಮ್‌ಗಳು ಇನ್ನೂ ಏಕೆ ಸೆಳೆಯುತ್ತವೆ?

ಕಪ್ಪು ಪರದೆಯ ಮೇಲೆ ಮೂರ್ನಾಲ್ಕು ಸಾಲು ಬರಹ. ಬಯಲಿನಲ್ಲೊಂದು ಬಿಳಿ ಮನೆ, ಅದರ ಪಶ್ಚಿಮಕ್ಕೆ ನೀವು ನಿಂತಿದ್ದೀರಿ, ಮುಂಬಾಗಿಲಿಗೆ ಹಲಗೆ ಬಡಿದು ಮುಚ್ಚಿದ್ದಾರೆ, ಪಕ್ಕದಲ್ಲೊಂದು ಪುಟ್ಟ ಅಂಚೆ ಪೆಟ್ಟಿಗೆ ಇದೆ. ಕೆಳಗೆ ಮಿನುಗುವ ಕರ್ಸರ್. ಎತ್ತ ಹೋಗಬೇಕೆಂದು ತೋರಿಸುವ ಬಾಣವಿಲ್ಲ, ಒತ್ತಲು ಗುಂಡಿಯಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಪೆಟ್ಟಿಗೆ ತೆರೆ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಒಳಗೆ ಒಂದು ಕರಪತ್ರ ಇರುವುದು ತಿಳಿಯುತ್ತದೆ. ಮನೆಯ ಸುತ್ತ ಹೋದರೆ ಹಿಂಬದಿಯಲ್ಲಿ ಅರೆ ತೆರೆದ ಕಿಟಕಿಯೊಂದು ಸಿಗುತ್ತದೆ. ಅಲ್ಲಿಂದ ಒಳಗೆ, ಒಳಗಿನಿಂದ ನೆಲಮಾಳಿಗೆಗೆ, ನೆಲಮಾಳಿಗೆಯಿಂದ ಒಂದು ಪಾತಾಳ ಲೋಕಕ್ಕೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನಾಲ್ವರು 1977ರಲ್ಲಿ ಬರೆಯತೊಡಗಿದ ‘ಜೋರ್ಕ್’ ಎಂಬ ಗೇಮ್ ಶುರುವಾಗುವುದು ಹೀಗೆ.

ಈ ಗೇಮಿನ ಮೂರು ಭಾಗಗಳ ಮೂಲ ಕೋಡನ್ನು ಮೈಕ್ರೋಸಾಫ್ಟ್ 2025ರ ನವೆಂಬರಿನಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಹಳೆಯದನ್ನು ಕಾಪಿಡುವ ಕೆಲಸ ಎಂದಷ್ಟೇ ಅದನ್ನು ನೋಡಿ ಸುಮ್ಮನಾಗಬಹುದಿತ್ತು. ಆದರೆ ಅದೇ ಹೊತ್ತಿನಲ್ಲಿ ಜಗತ್ತಿನಾದ್ಯಂತ ಲಕ್ಷಾಂತರ ಜನ, ಅದರಲ್ಲೂ ಹದಿಹರೆಯದವರು, ಮೊಬೈಲಿನಲ್ಲಿ ಟೈಪ್ ಮಾಡುತ್ತಾ ಒಂದು ಪಾತ್ರವಾಗಿ ಇನ್ನೊಂದು ಪಾತ್ರದ ಜೊತೆ ಮಾತಾಡುತ್ತಿದ್ದಾರೆ. ಎದುರಿನ ಪಾತ್ರದ ಹಿಂದಿರುವುದು ಕೃತಕ ಬುದ್ಧಿಮತ್ತೆ. ಚಿತ್ರ, ಧ್ವನಿ, ಮೂರು ಆಯಾಮದ ನಗರಗಳು ಎಲ್ಲವೂ ಅಂಗೈಗೆ ಬಂದಿರುವ ಕಾಲದಲ್ಲಿ ಜನ ಮತ್ತೆ ಬರಿಯ ಅಕ್ಷರಗಳ ಕಡೆಗೆ ಹೊರಳಿದ್ದಾರೆ. ಈ ಸೆಳೆತ ಏನೆಂದು ಸರಿಯಾಗಿ ತಿಳಿದುಕೊಳ್ಳದೆ ಹೋದರೆ, ಈಗ ಅದರ ಹೆಸರಿನಲ್ಲಿ ಮಾರಾಟವಾಗುತ್ತಿರುವುದರಲ್ಲಿ ಯಾವುದು ಒಳ್ಳೆಯದು, ಯಾವುದು ಅಪಾಯದ್ದು ಎಂದು ಬೇರ್ಪಡಿಸಲಾಗದು.

ಸಾಮಾನ್ಯವಾಗಿ ಕೇಳಿಬರುವ ಉತ್ತರ ಒಂದೇ: ಅಕ್ಷರಗಳು ಕಲ್ಪನೆಗೆ ಕೆಲಸ ಕೊಡುತ್ತವೆ, ಚಿತ್ರ ಅದನ್ನು ಕಸಿದುಕೊಳ್ಳುತ್ತದೆ. ಇದು ನಿಜ, ಆದರೆ ಸಾಲದು. ಕಲ್ಪನೆಯೊಂದೇ ಬೇಕಿದ್ದರೆ ಒಂದು ಒಳ್ಳೆಯ ಕಾದಂಬರಿ ಇದೆಯಲ್ಲ. ಗೇಮಿನಲ್ಲಿರುವ ಹೆಚ್ಚಿನದು ಏನು ಎಂಬುದಕ್ಕೆ ನನಗೆ ಕಾಣುವ ಅತ್ಯುತ್ತಮ ಉದಾಹರಣೆ, ಜೋರ್ಕ್‌ಗಿಂತ ಮೊದಲೇ ಬಂದ ‘ಕೊಲಾಸಲ್ ಕೇವ್ ಅಡ್ವೆಂಚರ್’ ಎಂಬ ಗೇಮಿನ ಒಂದು ಹಕ್ಕಿ.

ಆ ಗೇಮ್ ಬರೆದವರು ವಿಲ್ ಕ್ರೌಥರ್. ಇಂದಿನ ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್‌ ಕಟ್ಟಿದ ಬಿಬಿಎನ್ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದರು. ಬಿಡುವಿನಲ್ಲಿ ಪತ್ನಿ ಪೆಟ್ರೀಷಿಯಾ ಜೊತೆ ಕೆಂಟಕಿಯ ಗುಹೆಗಳಿಗೆ ಇಳಿದು ನಕ್ಷೆ ಮಾಡುತ್ತಿದ್ದರು. 1972ರಲ್ಲಿ ಫ್ಲಿಂಟ್ ರಿಜ್ ಗುಹೆಗಳಿಗೂ ಮ್ಯಾಮತ್ ಗುಹೆಗೂ ಒಳದಾರಿ ಇರುವುದನ್ನು ಕಂಡುಹಿಡಿದ ತಂಡದಲ್ಲಿ ಪೆಟ್ರೀಷಿಯಾ ಇದ್ದರು. ಮುಂದೆ ಇಬ್ಬರೂ ವಿಚ್ಛೇದನ ಪಡೆದರು. ತಮ್ಮಿಂದ ದೂರವಾದ ಹೆಣ್ಣುಮಕ್ಕಳಿಗೆ ಆಡಲೆಂದು ಕ್ರೌಥರ್ 1975–76ರ ಸುಮಾರಿಗೆ ತಾವು ಕಂಡ ಗುಹೆಯನ್ನೇ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗೇಮ್ ಆಗಿ ಬರೆದರು. 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಅದನ್ನು ಬೆಳೆಸಿದರು. ಸಂಶೋಧಕ ಡೆನಿಸ್ ಜೆರ್ಜ್ ಕ್ರೌಥರ್ ಅವರ ಮೂಲ ಕೋಡನ್ನು ಪತ್ತೆಹಚ್ಚಿ, ಸ್ವತಃ ಗುಹೆಗಿಳಿದು ನೋಡಿ, ಗೇಮಿನ ನಕ್ಷೆ ನಿಜವಾದ ಗುಹೆಯನ್ನು ಎಷ್ಟು ನಿಷ್ಠೆಯಿಂದ ಹಿಂಬಾಲಿಸುತ್ತದೆ ಎಂದು 2007ರಲ್ಲಿ ಪ್ರಕಟಿಸಿದರು.

ಆ ಗುಹೆಯಲ್ಲಿ ನಡೆಯುತ್ತಾ ಹೋದಾಗ ಒಂದು ಪಂಜರ ಸಿಗುತ್ತದೆ, ತುದಿಯಲ್ಲಿ ತುಕ್ಕು ಹಿಡಿದ ನಕ್ಷತ್ರವಿರುವ ಮೂರಡಿಯ ಕಪ್ಪು ಕೋಲು ಸಿಗುತ್ತದೆ. ಎರಡನ್ನೂ ಎತ್ತಿಕೊಂಡು ಮುಂದೆ ಹೋದರೆ ಒಂದು ಕೋಣೆಯಲ್ಲಿ ಹಾಡುವ ಹಕ್ಕಿ. ಹಿಡಿಯಲು ಹೋದರೆ ಆಗುವುದಿಲ್ಲ. ನೀವು ಒಳಗೆ ಬಂದಾಗ ಹಕ್ಕಿ ಹೆದರಿರಲಿಲ್ಲ, ಹತ್ತಿರ ಬಂದಾಗ ಕಳವಳಗೊಂಡಿತು, ಹಿಡಿಯಲಾಗಲಿಲ್ಲ ಎಂದು ಗೇಮ್ ಹೇಳುತ್ತದೆ. ಇನ್ನೊಮ್ಮೆ ಹೋದರೂ ಅದೇ ಮಾತು. ಹಕ್ಕಿ ಹೆದರುತ್ತಿರುವುದು ನಿಮ್ಮ ಕೈಯಲ್ಲಿರುವ ಕೋಲಿಗೆ. ಗೇಮ್ ಎಲ್ಲಿಯೂ ಅದನ್ನು ಹೇಳುವುದಿಲ್ಲ. ಕೋಲು ಕೆಳಗಿಟ್ಟರೆ ಹಕ್ಕಿ ಪಂಜರಕ್ಕೆ ಬರುತ್ತದೆ, ಆಮೇಲೆ ಕೋಲನ್ನು ಮತ್ತೆ ಎತ್ತಿಕೊಳ್ಳಬಹುದು. ಇನ್ನಷ್ಟು ಆಳದಲ್ಲಿ ದೊಡ್ಡ ಹಸಿರು ಹಾವೊಂದು ದಾರಿಗಡ್ಡ ಮಲಗಿರುತ್ತದೆ. ಅದನ್ನು ಕೊಲ್ಲಲು ನಿಮ್ಮಲ್ಲಿ ಏನೂ ಇಲ್ಲ. ಹಕ್ಕಿಯನ್ನು ಬಿಟ್ಟರೆ ಅದೇ ಹಾವನ್ನು ಓಡಿಸುತ್ತದೆ.

ಇಲ್ಲಿ ನಡೆದದ್ದನ್ನು ಗಮನಿಸಬೇಕು. ಈ ಲೋಕ ಆಟಗಾರನಿಗೆ ಆಗದು ಎಂದಿತು. ಸುಮ್ಮನೆ ಆಗದು ಎನ್ನಲಿಲ್ಲ, ಹಕ್ಕಿ ಕಳವಳಗೊಂಡಿದೆ ಎಂಬ ಅರ್ಧ ಸುಳಿವನ್ನೂ ಕೊಟ್ಟಿತು. ಮಿಕ್ಕರ್ಧವನ್ನು ಆಟಗಾರ ತನ್ನ ಕೈಯಲ್ಲಿರುವುದನ್ನು ತಾನೇ ನೋಡಿಕೊಂಡು ತುಂಬಿಕೊಳ್ಳಬೇಕು. ಕಾದಂಬರಿ ಓದುವಾಗ ನಾನು ಎಷ್ಟು ಬುದ್ಧಿವಂತನಾದರೂ, ಎಷ್ಟು ದಡ್ಡನಾದರೂ ಪುಟ ತಿರುಗುತ್ತದೆ. ಇಲ್ಲಿ ತಿರುಗುವುದಿಲ್ಲ. ನನ್ನ ಮಾತಿಗೆ ಇಲ್ಲಿ ತೂಕವಿದೆ, ತಪ್ಪು ಮಾತಿಗೆ ತಕ್ಕ ಫಲವಿದೆ. ಕೈದೀಪದ ಬ್ಯಾಟರಿಯೂ ಸುತ್ತಾಟದಲ್ಲಿ ಸವೆಯುತ್ತಾ ಹೋಗುತ್ತದೆ. ಬರಿಯ ಅಕ್ಷರಗಳ ಗೇಮಿನ ಸೆಳೆತದ ತಿರುಳು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ: ಅದು ನಮ್ಮ ಮಾತನ್ನು ಕೇಳಿಸಿಕೊಳ್ಳುತ್ತದೆ, ಮತ್ತು ನಮಗೆ ಮಣಿಯುವುದಿಲ್ಲ.

ಈ ಗೇಮ್‌ಗಳಲ್ಲಿ ಕೆಟ್ಟ ಹಟವೂ ಇತ್ತು. ಏನು ಮಾಡಬೇಕೆಂದು ಆಟಗಾರನಿಗೆ ಗೊತ್ತಿದ್ದರೂ ಪ್ರೋಗ್ರಾಮಿಗೆ ಒಪ್ಪಿಗೆಯಾಗುವ ಕ್ರಿಯಾಪದ ಯಾವುದೆಂದು ಹುಡುಕುತ್ತಾ ಸಂಜೆ ಕಳೆಯಬೇಕಾಗುತ್ತಿತ್ತು. ಅನೇಕರು ಬೇಸತ್ತು ಬಿಟ್ಟದ್ದು ಇದಕ್ಕೇ. ಲೋಕ ಒಡ್ಡುವ ತಡೆ ಬೇರೆ, ಬರೆದವರ ಕೊರತೆಯಿಂದ ಬರುವ ತಡೆ ಬೇರೆ. ಮೊದಲನೆಯದು ಕೆಣಕುತ್ತದೆ, ಎರಡನೆಯದು ಬರೀ ದಣಿಸುತ್ತದೆ.

ಜೋರ್ಕ್ ಬರೆದವರು ಎಂಐಟಿಯ ಇತರರೊಡನೆ ಸೇರಿ 1979ರಲ್ಲಿ ಕಟ್ಟಿದ ಇನ್ಫೋಕಾಮ್ ಕಂಪನಿ ಕೆಲಕಾಲ ಚೆನ್ನಾಗಿ ನಡೆಯಿತು, 1986ರಲ್ಲಿ ಆಕ್ಟಿವಿಷನ್ ಅದನ್ನು ಕೊಂಡಿತು, 1989ರಲ್ಲಿ ಮುಚ್ಚಿತು. ಚಿತ್ರಗಳ ಗೇಮ್‌ಗಳು ಮಾರುಕಟ್ಟೆ ಹಿಡಿದವು. ಮಾರುಕಟ್ಟೆಯ ಕಥೆ ಅಷ್ಟೇ. ಸೆಳೆತದ ಕಥೆ ಅಷ್ಟರಲ್ಲಾಗಲೇ ಬೇರೆಡೆಗೆ ಹರಿದಿತ್ತು.

ಇಲ್ಲಿಯವರೆಗೆ ಹೇಳಿದ ಗೇಮ್‌ಗಳಲ್ಲಿ ಆಟಗಾರನಿಗೆ ಪಾತ್ರ ಎಂಬುದು ಹೆಚ್ಚೇನಿಲ್ಲ. ಅವನು ಹೆಸರಿಲ್ಲದ ಅಲೆಮಾರಿ. ಪಾತ್ರ ವಹಿಸುವ ಆಟದ ಬೇರು 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿದೆ. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಬಾಯಿಮಾತಿನಲ್ಲೇ ಆಡುವ ಆಟ ಅದು. ಕ್ರೌಥರ್ ಸ್ವತಃ ಅದರ ಆಟಗಾರರಾಗಿದ್ದರು. ಕಂಪ್ಯೂಟರಿನಲ್ಲಿ ಬರಿಯ ಅಕ್ಷರಗಳ ಲೋಕವೊಂದನ್ನು ಕಟ್ಟಿ, ಅದರಲ್ಲಿ ಹಲವರು ಒಟ್ಟಿಗೆ ಇರುವಂತೆ ಮಾಡಿದ್ದು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್. 1978ರಲ್ಲಿ ಶುರುವಾದ ಆ ಗೇಮಿಗೆ ಅವರಿಟ್ಟ ಹೆಸರು ‘ಮಡ್’. ಅದೇ ಮುಂದೆ ಇಡೀ ಪ್ರಕಾರದ ಹೆಸರಾಯಿತು. ಇಂದು ಕೋಟಿಗಟ್ಟಲೆ ಜನ ಆನ್‌ಲೈನಿನಲ್ಲಿ ಒಟ್ಟಾಗಿ ಆಡುವ ಚಿತ್ರಮಯ ಲೋಕಗಳಲ್ಲಿ ಬಹುಪಾಲು ಈ ಮನೆತನದವೇ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ‘ಡಿಕುಮಡ್’ ಎಂಬ ಮಡ್‌ನ ರಚನೆಯ ಗುರುತು 1999ರ ‘ಎವರ್‌ಕ್ವೆಸ್ಟ್’ ಎಂಬ ಚಿತ್ರಮಯ ಗೇಮಿನಲ್ಲಿ ಎದ್ದು ಕಾಣುತ್ತದೆ.

ಬಾರ್ಟಲ್ ಅವರ ಆಸೆಯಲ್ಲಿ ರಾಜಕೀಯವೂ ಇತ್ತು. ಹುಟ್ಟಿದ ಮನೆ, ಆಡುವ ಉಚ್ಚಾರಣೆ ನೋಡಿ ಮನುಷ್ಯನನ್ನು ಅಳೆಯುವ ಬ್ರಿಟಿಷ್ ವರ್ಗವ್ಯವಸ್ಥೆಗೆ ಪ್ರತಿಯಾಗಿ, ವ್ಯಕ್ತಿ ತನ್ನ ನಡೆಯಿಂದಲೇ ಮೇಲೇರುವ ಲೋಕವೊಂದು ಬೇಕೆಂಬ ಮಾತನ್ನು ಅವರು ಹಲವು ಬಾರಿ ಆಡಿದ್ದಾರೆ. ಮುಖ ಕಾಣದ, ಬಣ್ಣ ಕಾಣದ, ಮನೆಯ ವಿಳಾಸ ಕೇಳದ ಜಾಗ. ನಮ್ಮ ಕಡೆಯ ಓದುಗರಿಗೆ ಈ ಆಸೆಯ ತೀವ್ರತೆಯನ್ನು ವಿವರಿಸಿ ಹೇಳಬೇಕಿಲ್ಲ. ಆದರೆ ಅಕ್ಷರವೂ ಪೂರ್ತಿ ಮರೆಮಾಚುವುದಿಲ್ಲ ಎಂಬುದನ್ನು ಸೇರಿಸಬೇಕು. ಬರೆಯುವ ಭಾಷೆ ಯಾವುದು, ಅದರ ಮೇಲೆ ಹಿಡಿತ ಎಷ್ಟು ಎಂಬುದು ಹತ್ತು ಸಾಲಿನಲ್ಲಿ ಗೊತ್ತಾಗಿಬಿಡುತ್ತದೆ. ಇಂಗ್ಲಿಷ್ ಸರಾಗವಾಗಿ ಬಾರದವರಿಗೆ ಈ ಲೋಕಗಳ ಬಾಗಿಲು ಇಷ್ಟು ವರ್ಷವೂ ಅರ್ಧವೇ ತೆರೆದಿತ್ತು.

ಯಾರು ಏಕೆ ಬರುತ್ತಾರೆ ಎಂಬುದನ್ನೂ ಬಾರ್ಟಲ್ 1996ರ ಒಂದು ಪ್ರಬಂಧದಲ್ಲಿ ವಿಂಗಡಿಸಿದರು: ಸಾಧಿಸಲು ಬರುವವರು, ಸುತ್ತಿ ತಿಳಿಯಲು ಬರುವವರು, ಒಡನಾಟಕ್ಕೆ ಬರುವವರು, ಇನ್ನೊಬ್ಬರನ್ನು ಕಾಡಲು ಬರುವವರು. ಗೇಮ್ ವಿನ್ಯಾಸ ಕಲಿಯುವವರು ಇಂದಿಗೂ ಇದನ್ನು ಓದುತ್ತಾರೆ. ಆದರೆ ಪಾತ್ರವಾಗಿ ಮಾತಾಡುವ ಸುಖಕ್ಕಾಗಿಯೇ ಬರುವವರನ್ನು ಈ ನಾಲ್ಕರಲ್ಲಿ ಎಲ್ಲಿಡಬೇಕು ಎಂಬುದು ನನಗೆ ಕಾಡುವ ಪ್ರಶ್ನೆ. ಅವರು ಗೆಲ್ಲಲು ಬಂದವರಲ್ಲ, ಹರಟೆಗೆ ಬಂದವರೂ ಅಲ್ಲ.

ಆ ಸುಖವನ್ನು ಅರಿಯಲು ನಮಗೆ ಹತ್ತಿರದ ದಾರಿ ಒಂದಿದೆ, ತಾಳಮದ್ದಳೆ. ಕರಾವಳಿ, ಮಲೆನಾಡುಗಳಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗುತ್ತಾರೆ. ಭಾಗವತರು ಪದ್ಯ ಹಾಡಿ ಬಿಟ್ಟಲ್ಲಿಂದ ಮಾತು ಶುರು, ಆ ಮಾತಿಗೆ ಬರೆದಿಟ್ಟ ಪಠ್ಯವಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆ, ರಾಮ ಉತ್ತರಿಸಲೇಬೇಕು. ವಾಲಿ ಸಾಯುತ್ತಾನೆ ಎಂಬುದು ಕೂತವರಿಗೆಲ್ಲ ಗೊತ್ತು, ಪ್ರಸಂಗವನ್ನು ಯಾರೂ ಬದಲಿಸುವಂತಿಲ್ಲ. ಆದರೆ ಸಾಯುವ ಮುನ್ನ ವಾಲಿ ರಾಮನನ್ನು ಎಷ್ಟು ದೂರ ಅಟ್ಟುತ್ತಾನೆ ಎಂಬುದು ಆ ರಾತ್ರಿಯ ಇಬ್ಬರು ಅರ್ಥಧಾರಿಗಳ ಬಾಯಲ್ಲಿದೆ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರಂಥವರ ಮಾತು ಕೇಳಲೆಂದೇ ಜನ ದೂರದೂರದಿಂದ ಬರುತ್ತಿದ್ದರು. ಎದುರಿನವರು ಸುಮ್ಮನೆ ತಲೆದೂಗುತ್ತಾ ಕೂತರೆ ತಾಳಮದ್ದಳೆ ಏಳುವುದಿಲ್ಲ. ಎದುರು ಅರ್ಥ ಗಟ್ಟಿಯಾಗಿದ್ದಷ್ಟೂ ನಮ್ಮ ಪಾತ್ರ ಬೆಳೆಯುತ್ತದೆ. ಒಳ್ಳೆಯ ಮಡ್‌ನಲ್ಲಿ ವರ್ಷಗಟ್ಟಲೆ ಒಂದು ಪಾತ್ರವನ್ನು ನಡೆಸಿದವರನ್ನು ಹಿಡಿದಿಟ್ಟಿರುವುದು ಇದೇ ಎಂದು ನಾನು ನಂಬಿದ್ದೇನೆ.

‘ಅಕೇಯ’ವನ್ನು ನೋಡಿ. 1997ರಲ್ಲಿ ಶುರುವಾದ ಈ ಮಡ್ ಇಂದಿಗೂ ನಡೆಯುತ್ತಿದೆ. ಅದರ ನಗರಗಳನ್ನು ಆಳುವವರು ಆಟಗಾರರೇ. ಚುನಾವಣೆ, ಒಳಜಗಳ, ಒಪ್ಪಂದ, ದ್ರೋಹ ಎಲ್ಲವೂ ಟೈಪ್ ಮಾಡಿದ ಮಾತಿನಲ್ಲೇ ನಡೆಯುತ್ತದೆ. ಅಲ್ಲಿನ ಕಾಳಗವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಬರಿಯ ಅಕ್ಷರಗಳು ಎಷ್ಟು ಬಿಗಿಯಾದ ಲೋಕವನ್ನು ಕಟ್ಟಬಲ್ಲವು ಎಂಬುದು ತಿಳಿಯುತ್ತದೆ.

ಅಲ್ಲಿ ಎದುರಾಳಿಯ ಮೇಲೆ ಹಲವು ಬಗೆಯ ಬಾಧೆಗಳನ್ನು ಹೇರಬಹುದು. ಒಂದು ಬಾಧೆ ಬಂದರೆ ಏನನ್ನೂ ತಿನ್ನಲಾಗುವುದಿಲ್ಲ. ಇನ್ನೊಂದು ಬಂದರೆ ಮೈಯೆಲ್ಲ ಜಾರುತ್ತದೆ, ಮುಲಾಮು ಹಚ್ಚಲಾಗುವುದಿಲ್ಲ. ಮೂರನೆಯದು ಉಬ್ಬಸ, ಆಗ ಔಷಧಿಯ ಹೊಗೆ ಸೇದಲಾಗುವುದಿಲ್ಲ. ಈಗ ಇವುಗಳ ಮದ್ದು ನೋಡಿ. ತಿನ್ನಲಾಗದ ಬಾಧೆಗೆ ಮುಲಾಮು ಬೇಕು. ಜಾರುವ ಬಾಧೆಗೆ ಹೊಗೆ ಬೇಕು. ಉಬ್ಬಸಕ್ಕೆ ಗಿಡಮೂಲಿಕೆ ತಿನ್ನಬೇಕು. ಮೂರೂ ಒಟ್ಟಿಗೆ ಬಿದ್ದರೆ ಒಂದರ ಬೀಗದ ಕೀಲಿಕೈ ಇನ್ನೊಂದರ ಒಳಗೆ, ಅದರದ್ದು ಮತ್ತೊಂದರ ಒಳಗೆ. ಆಟಗಾರರು ಇದನ್ನು ಲಾಕ್ ಎಂದೇ ಕರೆಯುತ್ತಾರೆ. ಬಿಡಿಸಿಕೊಳ್ಳುವ ಬೇರೆ ಉಪಾಯಗಳೂ ಇವೆ, ಅವನ್ನು ಮುಚ್ಚುವ ಬಾಧೆಗಳೂ ಇವೆ. ಒಮ್ಮೆ ಮೂಲಿಕೆ ತಿಂದರೆ ಇನ್ನೊಮ್ಮೆ ತಿನ್ನಲು ಒಂದೆರಡು ಕ್ಷಣ ಕಾಯಬೇಕು, ಹೊಡೆದವನೂ ತನ್ನ ಸಮತೋಲ ಮರಳುವವರೆಗೆ ಕಾಯಬೇಕು. ಹೀಗಾಗಿ ಯಾವುದನ್ನು ಮೊದಲು ಗುಣಪಡಿಸಿಕೊಳ್ಳುವುದು ಎಂಬುದೇ ಪ್ರಾಣದ ಪ್ರಶ್ನೆ. ಪರದೆಯ ಮೇಲೆ ಸಾಲುಗಳು ಸರಸರನೆ ಮೇಲೇರುತ್ತಿರುತ್ತವೆ, ಅವುಗಳ ನಡುವೆ ನಿಮಗೆ ಬೇಕಾದ ಒಂದು ಸಾಲನ್ನು ಹಿಡಿಯಬೇಕು. ಒಂದೇ ಒಂದು ಚಿತ್ರವಿಲ್ಲದೆ ಎದೆ ಬಡಿದುಕೊಳ್ಳುವಂತೆ ಮಾಡುವ ಆಟ ಇದು.

ಮತ್ತು ಇದನ್ನು ಕಣ್ಣು ಕಾಣದವರು ಕಾಣುವವರ ಜೊತೆ ಸರಿಸಮನಾಗಿ ಆಡುತ್ತಾರೆ. ಬರಿಯ ಅಕ್ಷರಗಳ ಗೇಮ್‌ಗಳ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಈ ಸಂಗತಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಇಲ್ಲಿ ಓದಲಾಗದ್ದು ಹೆಚ್ಚೇನೂ ಇಲ್ಲ, ಏಕೆಂದರೆ ಇರುವುದೆಲ್ಲ ಬರಹವೇ. ರೂಢಿಯಾದವರು ಅದನ್ನು ನಮಗೆ ಗೊಣಗಿದಂತೆ ಕೇಳಿಸುವಷ್ಟು ವೇಗದಲ್ಲಿ ಕೇಳಿಸಿಕೊಳ್ಳುತ್ತಾರೆ. ಅಕೇಯ, ‘ಆಲ್ಟರ್ ಈಯಾನ್’ ಮೊದಲಾದ ಮಡ್‌ಗಳಲ್ಲಿ ಅಂಧ ಆಟಗಾರರ ದೊಡ್ಡ ಬಳಗವೇ ಇದೆ. ಅಕ್ಷರಗಳನ್ನೇ ಜೋಡಿಸಿ ಬಿಡಿಸಿದ ನಕ್ಷೆಗಳು ಸ್ಕ್ರೀನ್ ರೀಡರಿಗೆ ಅರ್ಥವಿಲ್ಲದ ಚಿಹ್ನೆಗಳ ಸುರಿಮಳೆಯಾಗಿ ಕೇಳಿಸುತ್ತವೆ. ಹಾಗಾಗಿ ಅವನ್ನು ಬಿಟ್ಟು ಉಳಿದ ಬರಹವನ್ನಷ್ಟೇ ತೋರಿಸುವ ಆಯ್ಕೆಯನ್ನು ಈ ಗೇಮ್‌ಗಳು ಇಟ್ಟಿವೆ. ಕತ್ತಿಯ ಏಟಿಗೊಂದು, ಮೈಗೆ ವಿಷವೇರಿದ್ದಕ್ಕೊಂದು ಸದ್ದು ಕೇಳಿಸುವಂತೆ ಧ್ವನಿಗಳ ಕಟ್ಟುಗಳನ್ನು ಆಟಗಾರರೇ ತಯಾರಿಸಿ ಹಂಚಿಕೊಳ್ಳುತ್ತಾರೆ. ಕೋಟ್ಯಂತರ ಡಾಲರ್ ಸುರಿದ ಚಿತ್ರಮಯ ಗೇಮ್‌ಗಳು ಅಂಧರಿಗೆ ಬಾಗಿಲು ತೆರೆಯಲು ಇತ್ತೀಚೆಗಷ್ಟೇ ಮನಸ್ಸು ಮಾಡಿವೆ. ಬಡ ಅಕ್ಷರಗಳ ಲೋಕದಲ್ಲಿ ಆ ಬಾಗಿಲು ಮೊದಲಿನಿಂದಲೂ ತೆರೆದೇ ಇತ್ತು.

ಮಾತಿಗೆ ತೂಕವಿದೆ ಎಂದರೆ ಅದು ಗಾಯವನ್ನೂ ಮಾಡಬಲ್ಲದು. ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದ ಪೇವೆಲ್ ಕರ್ಟಿಸ್ 1990ರಲ್ಲಿ ಆರಂಭಿಸಿದ ‘ಲ್ಯಾಂಬ್ಡಾಮೂ’ ಎಂಬ ಮಡ್ ಬಗೆಯ ಲೋಕದಲ್ಲಿ, 1993ರಲ್ಲಿ ಒಬ್ಬ ಆಟಗಾರ ಒಂದು ಪ್ರೋಗ್ರಾಂ ಬಳಸಿ ಇತರರ ಪಾತ್ರಗಳು ಲೈಂಗಿಕ ಹಿಂಸೆಗೆ ಒಳಗಾದಂತೆ, ಅವು ತಾವೇ ಹಾಗೆ ನಡೆದುಕೊಂಡಂತೆ ಎಲ್ಲರೆದುರು ಬರೆದ. ನಡೆದದ್ದು ಅಕ್ಷರಗಳಲ್ಲಿ, ಆದರೆ ಆ ಪಾತ್ರಗಳ ಹಿಂದಿದ್ದವರು ಅತ್ತದ್ದು ನಿಜವಾಗಿ. ಸಮುದಾಯ ಸಭೆ ಸೇರಿ ವಾದಿಸಿತು, ಕೊನೆಗೆ ಆ ಪಾತ್ರವನ್ನು ಅಳಿಸಲಾಯಿತು. ಪತ್ರಕರ್ತ ಜೂಲಿಯನ್ ಡಿಬೆಲ್ ಇದನ್ನು ವರದಿ ಮಾಡಿದ ಮೇಲೆ ಆನ್‌ಲೈನ್ ಲೋಕದ ಕಾನೂನು ಚರ್ಚೆಗಳೇ ಹೊಸ ದಾರಿ ಹಿಡಿದವು. ಆಟ ತಾನೇ, ಬರಹ ತಾನೇ ಎಂದು ತಳ್ಳಿಹಾಕುವವರು ಈ ಘಟನೆಯನ್ನು ಓದಬೇಕು. ಒಂದು ಪಾತ್ರದೊಳಗೆ ತಿಂಗಳುಗಟ್ಟಲೆ ಬಾಳಿದವರಿಗೆ ಅದು ಕಳಚಿಡುವ ಅಂಗಿಯಾಗಿ ಉಳಿದಿರುವುದಿಲ್ಲ.

ಇನ್ನು ಇಂದಿನ ಮಾತಿಗೆ ಬರೋಣ. 2019ರಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ನಿಕ್ ವಾಲ್ಟನ್ ‘ಎಐ ಡಂಜನ್’ ಎಂಬ ಗೇಮ್ ತಂದರು. ಹಿಂದಿದ್ದದ್ದು ಓಪನ್‌ಎಐ ಕಂಪನಿಯ ಜಿಪಿಟಿ-2 ಭಾಷಾ ಮಾದರಿ. ಹಳೆಯ ಗೇಮ್‌ಗಳಲ್ಲಿ ಬರೆದವರು ಊಹಿಸಿದ್ದ ಕೆಲವು ನೂರು ಪದಗಳಷ್ಟೇ ಅರ್ಥವಾಗುತ್ತಿದ್ದವು. ಇಲ್ಲಿ ಏನು ಟೈಪ್ ಮಾಡಿದರೂ ಕಥೆ ಮುಂದುವರಿಯಿತು. ಆ ಕ್ರಿಯಾಪದ ಹುಡುಕುವ ದಣಿವು ಒಂದೇ ಏಟಿಗೆ ಹೋಯಿತು. ಜನ ಮುಗಿಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ದಣಿವಿನ ಜೊತೆ ಹೋದದ್ದು ಇನ್ನೂ ಒಂದಿದೆ. ಬೀಗ ಹಾಕಿದ ಬಾಗಿಲಿನ ಮುಂದೆ ನಿಂತು, ಜೇಬಿನಿಂದ ಕೀಲಿಕೈ ತೆಗೆದು ತೆರೆದೆ ಎಂದು ಬರೆಯಿರಿ. ಬಾಗಿಲು ತೆರೆಯುತ್ತದೆ. ನಿಮ್ಮ ಬಳಿ ಕೀಲಿಕೈ ಎಂದೂ ಇರಲಿಲ್ಲ, ಅದನ್ನು ಲೆಕ್ಕವಿಟ್ಟವರೂ ಇಲ್ಲ. ಜಿಪಿಟಿ-2 ಒಮ್ಮೆಗೆ ನೋಡಬಲ್ಲದ್ದು 1,024 ಟೋಕನ್‌ಗಳನ್ನು (ಪದದ ತುಣುಕುಗಳನ್ನು) ಮಾತ್ರ, ಎಂದರೆ ಇಂಗ್ಲಿಷಿನ ಎರಡು ಮೂರು ಪುಟ. ಅದಕ್ಕಿಂತ ಹಿಂದೆ ಸತ್ತ ರಾಜ ಮುಂದಿನ ಪುಟದಲ್ಲಿ ಸಿಂಹಾಸನದಲ್ಲಿ ಕೂತಿರುತ್ತಿದ್ದ. ಈಗಿನ ಮಾದರಿಗಳ ನೆನಪು ಬಹಳ ದೊಡ್ಡದು, ಬರಹವೂ ಸೊಗಸಾಗಿದೆ. ಆದರೂ ಅವುಗಳ ಒಲವು ಆಟಗಾರ ಹೇಳಿದ್ದಕ್ಕೆ ಹೂಂ ಎನ್ನುವ ಕಡೆಗೇ. ಕೋಲು ಹಿಡಿದು ಬಂದರೂ ಅಲ್ಲಿನ ಹಕ್ಕಿ ಭುಜದ ಮೇಲೆ ಕೂರುತ್ತದೆ. ಎಲ್ಲವೂ ಸಾಧ್ಯವಾದ ಲೋಕದಲ್ಲಿ ನನ್ನ ಬುದ್ಧಿಗೆ ಮಾಡಲು ಕೆಲಸ ಉಳಿಯುವುದಿಲ್ಲ.

ಇದನ್ನು ಬರೀ ಗೇಮ್ ವಿನ್ಯಾಸದ ಕೊರತೆ ಎಂದುಕೊಂಡಿದ್ದರೆ ಇಷ್ಟು ಚಿಂತೆ ಇರುತ್ತಿರಲಿಲ್ಲ. ಅದೇ ಒಲವು ಈಗ ಒಂಟಿತನದ ಜೊತೆ ಕೂಡಿಕೊಂಡಿದೆ. ‘ಕ್ಯಾರೆಕ್ಟರ್ ಎಐ’ಯಂಥ ತಾಣಗಳಲ್ಲಿ ಹುಡುಗ ಹುಡುಗಿಯರು ಗಂಟೆಗಟ್ಟಲೆ ಕಲ್ಪಿತ ಪಾತ್ರಗಳೊಡನೆ ಮಾತಾಡುತ್ತಾ ಬಂದಿದ್ದಾರೆ. ಮನೆಯಲ್ಲಿ, ತರಗತಿಯಲ್ಲಿ ಯಾರೂ ಮಾತು ಕೇಳದ ಮಗುವಿಗೆ ಪ್ರತಿ ಮಾತಿಗೂ ಒಪ್ಪಿಗೆ ಕೊಡುವ, ಮಧ್ಯರಾತ್ರಿಯಲ್ಲೂ ಎಚ್ಚರವಾಗಿರುವ ಗೆಳೆಯ ಸಿಕ್ಕರೆ ಅದು ಎಷ್ಟು ದೊಡ್ಡ ಆಸರೆಯಾಗಿ ಕಾಣುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ಆ ಮಕ್ಕಳನ್ನು ಬೈಯುವ ಹಿರಿಯರ ಜೊತೆ ನಾನಿಲ್ಲ. ಆದರೆ 2024ರ ಫೆಬ್ರವರಿಯಲ್ಲಿ ಫ್ಲೋರಿಡಾದ 14 ವರ್ಷದ ಬಾಲಕನೊಬ್ಬ ತಾನೇ ಪ್ರಾಣ ಕಳೆದುಕೊಂಡ. ಅಂಥದ್ದೊಂದು ಪಾತ್ರದ ಜೊತೆಗಿನ ಒಡನಾಟವೇ ಅವನನ್ನು ಅಲ್ಲಿಗೆ ತಂದಿತೆಂದು ಅವನ ತಾಯಿ ಅದೇ ವರ್ಷ ಅಕ್ಟೋಬರಿನಲ್ಲಿ ಮೊಕದ್ದಮೆ ಹೂಡಿದರು. ಮುಂದಿನ ವರ್ಷ ಆ ಕಂಪನಿ 18 ವರ್ಷದೊಳಗಿನವರಿಗೆ ಇಂಥ ಮುಕ್ತ ಸಂಭಾಷಣೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು.

ಮಡ್‌ನಲ್ಲಿ ಹದಿನೈದರ ಹುಡುಗನೊಬ್ಬ ಅತಿರೇಕದ ಮಾತಾಡಿದರೆ ಎದುರಿನ ಮನುಷ್ಯ ಸಾಕು ಎನ್ನುತ್ತಿದ್ದ, ಬೇಸರಿಸುತ್ತಿದ್ದ, ಕೆಲವೊಮ್ಮೆ ಏನಾಯಿತು ಎಂದು ಪಾತ್ರ ಬಿಟ್ಟು ಕೇಳುತ್ತಿದ್ದ. ಅಲ್ಲಿನ ತಡೆ ಆಟದ ರುಚಿಯಷ್ಟೇ ಆಗಿರಲಿಲ್ಲ, ಅದು ಬೇಲಿಯೂ ಆಗಿತ್ತು.

ನಮ್ಮ ದೇಶದಲ್ಲಿ ಆನ್‌ಲೈನ್ ಗೇಮ್ ಎಂದೊಡನೆ ಚರ್ಚೆ ದುಡ್ಡು ಕಟ್ಟಿ ಆಡುವ ಆಟಗಳ ಕಡೆಗೆ ತಿರುಗುತ್ತದೆ. ಅದಕ್ಕೆ ಸಕಾರಣವಿದೆ, ಸಾಲ ಮಾಡಿಕೊಂಡು ಹಾಳಾದ ಮನೆಗಳಿವೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಪಾತ್ರಗಳೊಡನೆ ಮಾತಾಡಿಸುವ ಎಐ ತಾಣಗಳು ಅದರ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅಲ್ಲಿ ಪಣಕ್ಕಿಡುವುದು ಹಣವನ್ನಲ್ಲ.

ಹಾಗೆಂದು ಎಐ ಬಂದದ್ದರಿಂದ ಈ ಪ್ರಕಾರ ಕೆಟ್ಟಿತು ಎಂದು ಕೈತೊಳೆದುಕೊಳ್ಳಲಾರೆ. ಬಾಗಿಲು ಮುಚ್ಚಿದೆಯೇ, ಕೀಲಿಕೈ ಯಾರ ಬಳಿ ಇದೆ, ರಾಜ ಬದುಕಿದ್ದಾನೆಯೇ ಎಂಬ ಲೆಕ್ಕವನ್ನು ಹಳೆಯ ಬಗೆಯ ಪ್ರೋಗ್ರಾಂ ಇಟ್ಟುಕೊಂಡು, ಆಟಗಾರನ ಮಾತನ್ನು ಅರ್ಥಮಾಡಿಕೊಳ್ಳುವ, ಫಲವನ್ನು ಬಣ್ಣಿಸುವ ಕೆಲಸವನ್ನಷ್ಟೇ ಎಐಗೆ ಬಿಟ್ಟರೆ ಎರಡೂ ಕಾಲದ ಒಳ್ಳೆಯದು ಕೂಡುತ್ತದೆ. ಮನುಷ್ಯರೇ ಬರೆದ ಮಾತಿಗೂ ಬೇಡಿಕೆ ಕುಗ್ಗಿಲ್ಲ. 2019ರಲ್ಲಿ ಬಂದ ‘ಡಿಸ್ಕೊ ಎಲಿಸಿಯಂ’ನಲ್ಲಿ ಚಿತ್ರಗಳಿದ್ದರೂ ಆಟ ನಡೆಯುವುದು ಲಕ್ಷಾಂತರ ಪದಗಳ ಸಂಭಾಷಣೆಯಲ್ಲಿ. ನಾಯಕನ 24 ಗುಣಗಳು ಅವನ ತಲೆಯೊಳಗೆ ಪಾತ್ರಗಳಾಗಿ ವಾದಿಸುತ್ತವೆ, ದಾಳ ಕೈಕೊಟ್ಟಾಗ ಅವನು ಆಡುವ ಎಡವಟ್ಟು ಮಾತೇ ಕಥೆಯನ್ನು ಇನ್ನೆಲ್ಲಿಗೋ ಒಯ್ಯುತ್ತದೆ. ಆ ವರ್ಷದ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಅದು ನಾಲ್ಕು ಪ್ರಶಸ್ತಿ ಪಡೆಯಿತು.

ಕನ್ನಡದಲ್ಲಿ ಇಂಥದ್ದು ಆಗಬೇಕೆಂಬುದು ನನ್ನ ಬಹುದಿನಗಳ ಆಸೆ, ಮತ್ತು ಇದಕ್ಕೆ ನಮ್ಮ ಭಾಷೆ ಚೆನ್ನಾಗಿ ಒದಗುತ್ತದೆ. ಈ ಗೇಮ್‌ಗಳೆಲ್ಲ ಆಟಗಾರನನ್ನೇ ಕರೆದು ಮಾತಾಡುತ್ತವೆ. ಹಿಂದಿಯಲ್ಲಿ ಹಾಗೆ ಬರೆಯಹೊರಟರೆ ನೀನು ಬಂದೆ ಎನ್ನುವಷ್ಟರಲ್ಲೇ ಆಟಗಾರ ಗಂಡೋ ಹೆಣ್ಣೋ ತಿಳಿದಿರಬೇಕು, ಕ್ರಿಯಾಪದ ಅದನ್ನು ಕೇಳುತ್ತದೆ. ಕನ್ನಡದಲ್ಲಿ ಆ ತೊಡಕಿಲ್ಲ. ಯಾರು ಯಾವ ಪಾತ್ರವಾಗಿ ಬಂದರೂ ಒಂದೇ ವಾಕ್ಯ ಸಾಕು. ಟೈಪ್ ಮಾಡಿದ್ದನ್ನು ಅರ್ಥಮಾಡಿಕೊಳ್ಳುವ ಕೆಲಸವೂ ಮೇಲುನೋಟಕ್ಕೆ ಕಾಣುವಷ್ಟು ಕಷ್ಟದ್ದಲ್ಲ. ಕೊಲಾಸಲ್ ಕೇವ್ ಪ್ರತಿ ಪದದ ಮೊದಲ ಐದು ಅಕ್ಷರಗಳನ್ನಷ್ಟೇ ನೋಡುತ್ತಿತ್ತು. ನಮ್ಮ ವಿಭಕ್ತಿಗಳೆಲ್ಲ ಪದದ ಬಾಲಕ್ಕೆ ಅಂಟುವುದರಿಂದ ದೀಪ, ದೀಪವನ್ನು, ದೀಪದಿಂದ ಎಲ್ಲದರ ತಲೆ ಒಂದೇ. ಐದರ ಲೆಕ್ಕವನ್ನು ಬಿಟ್ಟು ಪದದ ತಲೆಯನ್ನಷ್ಟೇ ಹೋಲಿಸಿದರೆ, ಐವತ್ತು ವರ್ಷದ ಹಿಂದಿನ ಆ ಅಗ್ಗದ ಉಪಾಯ ಕನ್ನಡದ ಬಹುಪಾಲು ನಾಮಪದಗಳಿಗೂ ಒಗ್ಗುತ್ತದೆ. ಕ್ರಿಯಾಪದಗಳಲ್ಲಿ ಸ್ವಲ್ಪ ಎಚ್ಚರ ಬೇಕು: ಬಾಗಿಲು ತೆಗೆ ಎಂದಾಗ ತೆರೆಯಬೇಕು, ಕಲ್ಲು ತೆಗೆ ಎಂದಾಗ ಎತ್ತಬೇಕು. ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಲು ಬೇಸರವಾದವರು ಮಾತಾಡಿಯೇ ಬರೆಸಬಹುದು.

ಅಷ್ಟು ದೂರ ಹೋಗದೆ ಇಂದೇ ಶುರುಮಾಡುವ ದಾರಿಯೂ ಇದೆ. ಕ್ರಿಸ್ ಕ್ಲಿಮಾಸ್ 2009ರಲ್ಲಿ ತಂದ ‘ಟ್ವೈನ್’ ಎಂಬ ಉಚಿತ ತಂತ್ರಾಂಶದಲ್ಲಿ ಪ್ರೋಗ್ರಾಮಿಂಗ್ ಬಾರದವರೂ ಕವಲುಗಳಿರುವ ಕಥೆ ಕಟ್ಟಬಹುದು, ಕನ್ನಡ ಅಕ್ಷರಗಳು ಅದರಲ್ಲಿ ತೊಂದರೆಯಿಲ್ಲದೆ ಮೂಡುತ್ತವೆ. ಆಟಗಾರ ಟೈಪ್ ಮಾಡುವ ಬದಲು ಕೊಟ್ಟ ಆಯ್ಕೆಗಳಲ್ಲಿ ಒಂದನ್ನು ಒತ್ತುತ್ತಾನೆ, ಆದರೆ ಯಾವ ಆಯ್ಕೆಗೆ ಯಾವ ಬೆಲೆ ತೆರಬೇಕು ಎಂಬುದನ್ನು ಬರೆಯುವವರು ಗಟ್ಟಿಯಾಗಿ ಕಟ್ಟಬಹುದು. ಕೊನೆಗೆ ಬರುವುದು ಒಂದೇ ಒಂದು ಎಚ್‌ಟಿಎಂಎಲ್ ಕಡತ. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೆ ಸಾಮಾನ್ಯವಾಗಿ ಮೊಬೈಲ್ ಬ್ರೌಸರಿನಲ್ಲಿ ಇಂಟರ್ನೆಟ್ ಇಲ್ಲದೆ ತೆರೆದುಕೊಳ್ಳುತ್ತದೆ. ಕಲಾವಿದರ ತಂಡ, ಸ್ಟುಡಿಯೊ, ಬಂಡವಾಳ ಯಾವುದೂ ಬೇಡ. ಕಥೆ ಬರೆಯಬಲ್ಲ ಒಬ್ಬ ಕಾಲೇಜು ಹುಡುಗಿ ಸಾಕು.

ಬರೆದು ಮುಗಿದ ಮೇಲೆ ಅದನ್ನು ಮೊದಲು ಆಡಿಸಬೇಕಾದದ್ದು ಕನ್ನಡ ಮಾಧ್ಯಮದ ಅಂಧ ವಿದ್ಯಾರ್ಥಿಗಳಿಂದ. ಆಸ್ಟ್ರೇಲಿಯಾದ ಇಬ್ಬರು ಅಂಧ ಪ್ರೋಗ್ರಾಮರ್‌ಗಳು ಕಟ್ಟಿದ ಎನ್‌ವಿಡಿಎ ಸ್ಕ್ರೀನ್ ರೀಡರ್ ಉಚಿತವಾಗಿದೆ, ಅದರ ಜೊತೆಗೆ ಬರುವ ಇ-ಸ್ಪೀಕ್ ಕನ್ನಡವನ್ನೂ ಓದುತ್ತದೆ. ದನಿ ಯಂತ್ರದ್ದೇ ಆದರೂ ಕೇಳಿ ರೂಢಿಯಾದವರಿಗೆ ತೊಡಕಾಗುವುದಿಲ್ಲ. ಆಯ್ಕೆಗಳು ಸರಿಯಾದ ಕ್ರಮದಲ್ಲಿ ಓದಿಸಿಕೊಳ್ಳುತ್ತವೆಯೇ, ಯಾವ ವಾಕ್ಯ ಕೇಳಲು ಉದ್ದವಾಯಿತು, ಎಲ್ಲಿ ಸುಳಿವು ಸಾಲದಾಯಿತು ಎಂಬುದನ್ನು ಅವರಷ್ಟು ಖಚಿತವಾಗಿ ಹೇಳಬಲ್ಲವರು ಬೇರೆ ಯಾರೂ ಇಲ್ಲ.